ಉಪಕರಣಗಳ ಸ್ಮರಣಕೋಶವೂ ಬಳಕೆದಾರನ ಪ್ರೋಗ್ರಾಮೂ: ಒಂದು ಐತಿಹಾಸಿಕ ವಿವೇಚನೆ

ಗಣಕಯಂತ್ರದ ಇತಿಹಾಸವನ್ನು ಬರೆದವರಲ್ಲಿ ಬಹುಮಂದಿ ಯಂತ್ರಗಳ ವೇಗ, ಗಾತ್ರ, ಬೆಲೆ ಇವುಗಳ ಲೆಕ್ಕವನ್ನು ಒದಗಿಸಿ, ಅವನ್ನು ನಿರ್ಮಿಸಿದವರ ವೃತ್ತಾಂತವನ್ನು ಹೇಳಿ ತೃಪ್ತರಾಗಿದ್ದಾರೆ. ಯಂತ್ರದ ಒಳಗೆ ಯಾರು ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಲಾಗದು ಎಂಬ ಅಧಿಕಾರದ ಪ್ರಶ್ನೆಗೂ ಒಂದು ಇತಿಹಾಸವುಂಟೆಂಬುದು ಅವರ ಗಮನಕ್ಕೆ ಅಷ್ಟಾಗಿ ಬಂದಂತೆ ತೋರುವುದಿಲ್ಲ. ದಾನಶಾಸನವನ್ನು ಓದುವ ಇತಿಹಾಸದ ವಿದ್ಯಾರ್ಥಿ ದಾನಿಯ ಬಿರುದಾವಳಿಯನ್ನು ಬೇಗನೆ ದಾಟಿ ಚತುಸ್ಸೀಮೆಯ ವಿವರಗಳ ಬಳಿ ನಿಲ್ಲುತ್ತಾನೆ. ಅಂದಿನ ಜನರ ವ್ಯವಹಾರ ತಿಳಿಯುವುದು ಅಲ್ಲಿಯೇ. ಅದೇ ಅಭ್ಯಾಸದಿಂದ ಗಣಕಯಂತ್ರದ ಒಂದು ಎಲ್ಲೆಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಸಾಮಾನ್ಯ ಬಳಕೆದಾರನು ಬರೆದ ಪ್ರೋಗ್ರಾಮು ಯಂತ್ರಕ್ಕೆ ಜೋಡಿಸಿದ ಉಪಕರಣಗಳ ಸ್ಮರಣಕೋಶವನ್ನು ನೇರವಾಗಿ ಓದಬಹುದೆ, ಅದರಲ್ಲಿ ಬರೆಯಬಹುದೆ ಎಂಬುದು ಪ್ರಶ್ನೆ. ಹಾಗೆ ಮಾಡಿದರೆ ಯಂತ್ರವು ಕೆಟ್ಟು ನಿಲ್ಲಬಹುದಾದ್ದರಿಂದ ಅದನ್ನು ನಿಷೇಧಿಸಲಾಯಿತು ಎಂಬುದು ಪಠ್ಯಪುಸ್ತಕಗಳ ಉತ್ತರ. ಇದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಯಂತ್ರ ನಿಂತುಹೋಗುವುದು ಅಂದಿನ ದಿನದ ನಷ್ಟ. ಬಳಕೆದಾರರಿಗೆ ಒಮ್ಮೆ ತಿಳಿದುಹೋದ ವಿಳಾಸವನ್ನು ಮುಂದಿನ ಯಂತ್ರಗಳು ಬಿಡಲಾರದೆ ಹೋಗುವುದು ಹಲವು ದಶಕಗಳ ಬಂಧನ. ಈ ಎರಡನೆಯ ಪರಿಣಾಮವೇ ಹೆಚ್ಚು ವಿಚಾರಾರ್ಹವೆಂದು ಪ್ರಸ್ತುತ ಲೇಖಕನ ಅಭಿಪ್ರಾಯ.

ವಿಷಯಕ್ಕೆ ಹೊಸಬರಾದ ಓದುಗರಿಗಾಗಿ ಒಂದೆರಡು ಮಾತು ಅಗತ್ಯ. ಗಣಕಯಂತ್ರದ ಸ್ಮರಣಕೋಶವೆಂದರೆ ಕ್ರಮವಾಗಿ ಸಂಖ್ಯೆ ಹಾಕಿದ ಮನೆಗಳ ಸಾಲು. ಈ ಸಂಖ್ಯೆಯೇ ವಿಳಾಸ. ಪ್ರೋಗ್ರಾಮು ಒಂದು ವಿಳಾಸಕ್ಕೆ ಒಂದು ಅಂಕಿಯನ್ನು ಬರೆದರೆ ಅದು ಅಲ್ಲಿ ಉಳಿಯುತ್ತದೆ, ಮತ್ತೆ ಓದಿದಾಗ ದೊರೆಯುತ್ತದೆ. ಆದರೆ ಯಂತ್ರವನ್ನು ರಚಿಸಿದವರು ಕೆಲವು ವಿಳಾಸಗಳಲ್ಲಿ ಉಗ್ರಾಣದ ಮನೆಗೆ ಬದಲಾಗಿ ಒಂದು ಉಪಕರಣವನ್ನೇ ನೆಲೆಗೊಳಿಸಬಹುದು. ಆಗ ಆ ವಿಳಾಸಕ್ಕೆ ಬರೆದ ಅಂಕಿಯು ಉಳಿಯುವುದಿಲ್ಲ. ಅದು ಕಾಗದದ ಮೇಲೆ ಅಕ್ಷರವಾಗಿ ಮುದ್ರಿತವಾಗುತ್ತದೆ, ಇಲ್ಲವೆ ತೆರೆಯ ಮೇಲೆ ಬೆಳಗುತ್ತದೆ, ಇಲ್ಲವೆ ಮೋಟಾರನ್ನು ಚಲಿಸುತ್ತದೆ. ಅಷ್ಟೇ ಅಲ್ಲ, ಅಂಥ ವಿಳಾಸವನ್ನು ಬರಿದೆ ಓದುವುದರಿಂದಲೂ ಉಪಕರಣದ ಸ್ಥಿತಿ ಬದಲಾಗಬಹುದು. ಸಾಧಾರಣ ಸ್ಮರಣಕೋಶದಲ್ಲಿ ಓದುವುದು ನಿರುಪದ್ರವಿ, ಇಲ್ಲಿ ಹಾಗಲ್ಲ.

ಮೊದಲ ಯಂತ್ರಗಳ ಕಾಲದಲ್ಲಿ ಈ ಪ್ರಶ್ನೆಯೇ ಏಳಲಿಲ್ಲ. ಕೇಂಬ್ರಿಜಿನ ಎಡ್ಸಾಕ್ ಯಂತ್ರ 1949ರ ಮೇ ತಿಂಗಳಲ್ಲಿ ತನ್ನ ಮೊದಲ ಲೆಕ್ಕವನ್ನು ಮಾಡಿದಾಗ, ಅದರ ಮೇಲೆ ನಡೆಯುತ್ತಿದ್ದ ಪ್ರೋಗ್ರಾಮಿಗೆ ಇಡೀ ಯಂತ್ರವೇ ವಶವಾಗಿತ್ತು. 1962ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವನ ಗೆಳೆಯರು ಪಿ.ಡಿ.ಪಿ.-1 ಯಂತ್ರದ ಮೇಲೆ 'ಸ್ಪೇಸ್‌ವಾರ್' ಆಟವನ್ನು ರಚಿಸಿದಾಗಲೂ ತೆರೆಯ ಮೇಲಿನ ಒಂದೊಂದು ಚುಕ್ಕೆಯನ್ನೂ ಆ ಪ್ರೋಗ್ರಾಮೇ ನೇರವಾಗಿ ಮೂಡಿಸುತ್ತಿತ್ತು. ಒಬ್ಬನೇ ನಿವಾಸಿಯಿರುವ ಮನೆಯಲ್ಲಿ ಒಳಗೋಡೆಗಳಿಗೆ ಬೀಗವೇಕೆ? ಯಂತ್ರವನ್ನು ಏಕಕಾಲದಲ್ಲಿ ಅನೇಕರು ಹಂಚಿಕೊಳ್ಳತೊಡಗಿದಾಗ ಮಾತ್ರ ಬೀಗದ ಅಗತ್ಯ ಕಾಣಿಸಿತು. ಹಂಚಿಕೆಗೆ ಕಾರಣ ಬೆಲೆ. ಯಂತ್ರವು ಅಷ್ಟು ದುಬಾರಿಯಾಗಿದ್ದುದರಿಂದ ಅದನ್ನು ಒಂದು ಕ್ಷಣವೂ ಖಾಲಿ ಬಿಡುವಂತಿರಲಿಲ್ಲ.

ಈ ಬೀಗದ ಪ್ರಾಚೀನ ನಿದರ್ಶನಗಳಲ್ಲಿ ಅತ್ಯಂತ ಸ್ವಾರಸ್ಯವಾದುದು ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರ. ಅಲ್ಲಿನ ವಿಶ್ವವಿದ್ಯಾನಿಲಯದ ಟಾಮ್ ಕಿಲ್ಬರ್ನ್ ಅವರ ತಂಡವೂ ಫೆರಾಂಟಿ ಕಂಪನಿಯೂ ಸೇರಿ ನಿರ್ಮಿಸಿದ ಈ ಯಂತ್ರದ ಉದ್ಘಾಟನೆ ನಡೆದದ್ದು 1962ರ ಡಿಸೆಂಬರ್ 7ರಂದು. ಇದರಲ್ಲಿ 16,384 ಪದಗಳ ಕಾಂತೀಯ ಕೋರ್ ಸ್ಮರಣಕೋಶವೂ ಅದಕ್ಕೆ ಬೆಂಬಲವಾಗಿ ಉರುಳೆಯ ರೂಪದ ದೊಡ್ಡ ಸಂಗ್ರಹವೂ ಇದ್ದು, ಎರಡೂ ಬಳಕೆದಾರನಿಗೆ ಒಂದೇ ಎಂಬಂತೆ ತೋರುತ್ತಿದ್ದವು. ಸ್ಮರಣಕೋಶವನ್ನು 512 ಪದಗಳ ಪುಟಗಳಾಗಿ ವಿಭಾಗಿಸಿ, 32 ಪುಟಗಳಿಗೂ ಒಂದೊಂದು ರಿಜಿಸ್ಟರನ್ನು ಇಟ್ಟು, ಪ್ರತಿಯೊಂದರಲ್ಲಿಯೂ ಒಂದು ಪ್ರತಿಬಂಧಕ ಅಂಕವನ್ನು ಕೂಡಿಸಿದ್ದರು. ಉರುಳೆಯಿಂದ ಪುಟವೊಂದು ಬಂದು ತುಂಬುತ್ತಿರುವಾಗ, ಅಥವಾ ಆ ಪುಟವು ಬೇರೊಂದು ಪ್ರೋಗ್ರಾಮಿಗೆ ಸೇರಿದ್ದಾಗ, ಈ ಅಂಕವು ಪ್ರವೇಶವನ್ನು ತಡೆಯುತ್ತಿತ್ತು. ಇದು ಸಾಮಾನ್ಯವಾಗಿ ಎಲ್ಲರೂ ಉಲ್ಲೇಖಿಸುವ ಸಂಗತಿ.

ಅಷ್ಟಾಗಿ ಉಲ್ಲೇಖಗೊಳ್ಳದ ಸಂಗತಿಯೆಂದರೆ ಅಟ್ಲಾಸಿನ 'ವಿ-ಸ್ಟೋರ್'. ಉಪಕರಣಗಳನ್ನು ನಿಯಂತ್ರಿಸುವ, ಅವುಗಳ ಸ್ಥಿತಿಯನ್ನು ತಿಳಿಸುವ ಚಿಕ್ಕ ಚಿಕ್ಕ ಮಂಡಲಗಳು ಯಂತ್ರದ ಉದ್ದಗಲಕ್ಕೂ ಚದುರಿದ್ದವು. ಅವನ್ನು ಬೇರೆ ಬೇರೆ ಆದೇಶಗಳಿಂದ ಮುಟ್ಟುವುದಕ್ಕೆ ಬದಲಾಗಿ, ಸ್ಮರಣಕೋಶದ ಮನೆಗಳೋ ಎಂಬಂತೆ ಅವಕ್ಕೂ ವಿಳಾಸಗಳನ್ನು ಕೊಡಲಾಯಿತು. ಉಪಕರಣವನ್ನು ವಿಳಾಸವನ್ನಾಗಿ ಮಾಡುವ ಉಪಾಯವು ಇಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ ಈ ವಿಳಾಸಗಳು ಯಂತ್ರದ ಖಾಸಗಿ ಪ್ರದೇಶದಲ್ಲಿದ್ದುವು. ಸೂಪರ್‌ವೈಸರ್ ಎಂಬ ಮೇಲ್ವಿಚಾರಕ ಪ್ರೋಗ್ರಾಮು ಮಾತ್ರ ಅಲ್ಲಿಗೆ ಹೋಗಬಹುದಿತ್ತು. ಬಳಕೆದಾರನ ಪ್ರೋಗ್ರಾಮು ಆ ಕಡೆಗೆ ಕೈಚಾಚಿದರೆ ಯಂತ್ರವು ಕೂಡಲೇ ಅದನ್ನು ತಡೆದು ಮೇಲ್ವಿಚಾರಕನಿಗೆ ಒಪ್ಪಿಸುತ್ತಿತ್ತು. ಉಪಕರಣವು ಬೇಕಾದವನು 'ಎಕ್ಸ್‌ಟ್ರಾಕೋಡ್' ಎಂಬ ವಿಶೇಷ ಆದೇಶದ ಮೂಲಕ ಮೇಲ್ವಿಚಾರಕನನ್ನು ಕೇಳಿಕೊಳ್ಳಬೇಕು. ಉಪಕರಣಕ್ಕೆ ವಿಳಾಸ ಕೊಡುವ ಉಪಾಯವೂ ಆ ವಿಳಾಸಕ್ಕೆ ಬೇಲಿ ಹಾಕುವ ಉಪಾಯವೂ ಒಂದೇ ಯಂತ್ರದಲ್ಲಿ ಒಟ್ಟಿಗೇ ಇದ್ದುವೆಂಬುದನ್ನು ಗಮನಿಸಬೇಕು. ಮೊದಲು ಸ್ವಾತಂತ್ರ್ಯವಿತ್ತು, ತರುವಾಯ ಶಿಸ್ತು ಬಂತು ಎಂಬ ಸರಳ ಕಥೆಯನ್ನು ಈ ಒಂದು ನಿದರ್ಶನವೇ ಅಲ್ಲಗಳೆಯುತ್ತದೆ.

ಐ.ಬಿ.ಎಂ. ಕಂಪನಿಯು 1964ರ ಏಪ್ರಿಲ್ 7ರಂದು ಪ್ರಕಟಿಸಿದ ಸಿಸ್ಟಂ 360 ಯಂತ್ರಮಾಲೆಯಲ್ಲಿ ಇದೇ ತತ್ತ್ವವು ಬೇರೆ ರೂಪದಲ್ಲಿ ಬಂದಿತು. ಅಲ್ಲಿ ಉಪಕರಣಗಳಿಗೆ ವಿಳಾಸದ ಮೂಲಕವಲ್ಲದೆ ಪ್ರತ್ಯೇಕ ಆದೇಶಗಳ ಮೂಲಕ ಪ್ರವೇಶವಿದ್ದು, ಆ ಆದೇಶಗಳು ಮೇಲ್ವಿಚಾರಕ ಸ್ಥಿತಿಯಲ್ಲಿ ಮಾತ್ರ ಸಲ್ಲುತ್ತಿದ್ದುವು. ದೊಡ್ಡ ಯಂತ್ರಗಳ ಮಟ್ಟಿಗೆ ವಿವಾದವು ಅಲ್ಲಿಗೆ ಮುಗಿಯಿತೆನ್ನಬಹುದು.

ಆದರೆ ಚಿಕ್ಕ ಯಂತ್ರಗಳು ಬಂದುವು. 1970ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಪಿ.ಡಿ.ಪಿ.-11 ಮಾರುಕಟ್ಟೆಗೆ ಬಂದಾಗ ಅದರ ರಚನೆಯ ಸೌಷ್ಠವವನ್ನು ಮೆಚ್ಚದವರು ವಿರಳ. ಉಪಕರಣಗಳಿಗೆಂದು ಒಂದೂ ಪ್ರತ್ಯೇಕ ಆದೇಶವಿಲ್ಲ. ಯುನಿಬಸ್ ಎಂಬ ಒಂದೇ ತಂತಿಮಾರ್ಗದ ಮೇಲೆ ಸ್ಮರಣಕೋಶವೂ ಉಪಕರಣಗಳೂ ಸಮಾನವಾಗಿ ನೆಲೆಸಿದ್ದುವು. ವಿಳಾಸಗಳ ಸಾಲಿನಲ್ಲಿ ತುದಿಯ 8 ಕಿಲೋಬೈಟುಗಳನ್ನು ಉಪಕರಣಗಳಿಗೆ ಬಿಟ್ಟುಕೊಡಲಾಗಿತ್ತು. ಎಂಟರ ಮಾನದಲ್ಲಿ 177564 ಎಂಬ ವಿಳಾಸವನ್ನು ಓದಿದರೆ ಟೆಲಿಪ್ರಿಂಟರು ಬಿಡುವಾಗಿದೆಯೆ ಎಂಬುದು ತಿಳಿಯುತ್ತಿತ್ತು. ಬಿಡುವಾಗಿದ್ದರೆ 177566ಕ್ಕೆ ಒಂದು ಅಕ್ಷರದ ಸಂಕೇತವನ್ನು ಬರೆದರಾಯಿತು, ಕಾಗದದ ಮೇಲೆ ಅಕ್ಷರವು ಬೀಳುತ್ತಿತ್ತು. ಅಟ್ಲಾಸಿನಲ್ಲಿ ಮೇಲ್ವಿಚಾರಕನ ಗುಟ್ಟಾಗಿದ್ದ ವಿದ್ಯೆಯು ಇಲ್ಲಿ ವಿದ್ಯಾರ್ಥಿಯ ಮೊದಲ ಪಾಠವಾಯಿತು. ಆದರೆ ಬೇಲಿ ಮಾತ್ರ ಇರಲಿಲ್ಲ. ಮೊದಲ ಮಾದರಿಯಾದ ಪಿ.ಡಿ.ಪಿ.-11/20ರಲ್ಲಿ ಸ್ಮರಣಕೋಶಕ್ಕೆ ಯಾವ ರಕ್ಷಣೆಯೂ ಇಲ್ಲ.

ಇದರ ಫಲವನ್ನು ಬೆಲ್ ಪ್ರಯೋಗಾಲಯದಲ್ಲಿ ಕಾಣಬಹುದು. ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ವ್ಯವಸ್ಥೆಯನ್ನು ಇಂಥದೇ ಒಂದು ಯಂತ್ರದ ಮೇಲೆ ಬೆಳೆಸುತ್ತಿದ್ದರು. ಅದರ ಸ್ಮರಣಕೋಶವು 24 ಕಿಲೋಬೈಟು. 16 ವ್ಯವಸ್ಥೆಗೆ, 8 ಬಳಕೆದಾರನಿಗೆ. 1971ರ ಉತ್ತರಾರ್ಧದಲ್ಲಿ ಅದೇ ಯಂತ್ರದ ಮೇಲೆ ಸಂಸ್ಥೆಯ ಪೇಟೆಂಟ್ ವಿಭಾಗದ ಮೂವರು ಬೆರಳಚ್ಚುಗಾರರು ದಿನವಿಡೀ ಅರ್ಜಿಗಳನ್ನು ಸಿದ್ಧಪಡಿಸುತ್ತಿದ್ದರು. ಹೊಸ ಪ್ರೋಗ್ರಾಮೊಂದನ್ನು ಪರೀಕ್ಷಿಸಲು ಎಚ್ಚರಿಕೆಯ ಜೊತೆಗೆ ಎದೆಗಾರಿಕೆಯೂ ಬೇಕಾಗಿತ್ತೆಂದು ರಿಚಿ ತರುವಾಯ ಬರೆದಿದ್ದಾರೆ. ಒಂದು ತಪ್ಪು ವಿಳಾಸದಿಂದ ವ್ಯವಸ್ಥೆಯೇ ಕುಸಿದರೆ, ಪಕ್ಕದಲ್ಲಿ ಕುಳಿತವರ ಕೆಲಸವೂ ಅದರೊಡನೆ ನಿಲ್ಲುತ್ತಿತ್ತು. ವಿದ್ವಾಂಸನ ತಪ್ಪಿಗೆ ಬೆಲೆ ತೆರುತ್ತಿದ್ದವರು, ಆ ತಪ್ಪಿನಲ್ಲಿ ಪಾಲಿಲ್ಲದ ಬೆರಳಚ್ಚುಗಾರರು. ಸ್ಮರಣಕೋಶದ ರಕ್ಷಣೆ ಎಂಬ ಶುಷ್ಕ ಪದದ ಹಿಂದೆ ಇಂಥ ಸಾಮಾನ್ಯ ಜನರ ದಿನದ ದುಡಿಮೆ ಇತ್ತೆಂಬುದನ್ನು ಮರೆಯಬಾರದು. ರಕ್ಷಣೆಯ ಯಂತ್ರಾಂಗವುಳ್ಳ ಪಿ.ಡಿ.ಪಿ.-11/45 ಬಂದದ್ದು 1972ರಲ್ಲಿ.

ಬೇಲಿಯಿಲ್ಲದ ದಿನಗಳಲ್ಲಿಯೇ ಯುನಿಕ್ಸಿನ ನಿರ್ಮಾಪಕರು ಒಂದು ಬಾಗಿಲನ್ನೂ ಇಟ್ಟರೆಂಬುದು ವಿಶೇಷ. 1971ರ ನವೆಂಬರಿನ ಮೊದಲ ಕೈಪಿಡಿಯಲ್ಲಿಯೇ 'ಮೆಮ್' ಎಂಬ ಒಂದು ಕಡತದ ವಿವರಣೆಯಿದೆ. ಯಂತ್ರದ ಸ್ಮರಣಕೋಶವೆಲ್ಲವೂ ಈ ಕಡತದೊಳಗೆ ಇರುವಂತೆ ತೋರುತ್ತದೆ. ಕಡತವನ್ನು ಓದಿದರೆ ಸ್ಮರಣಕೋಶವನ್ನು ಓದಿದಂತೆ, ತಿದ್ದಿದರೆ ನಡೆಯುತ್ತಿರುವ ವ್ಯವಸ್ಥೆಯನ್ನೇ ತಿದ್ದಿದಂತೆ. ಉಪಕರಣಗಳ ರಿಜಿಸ್ಟರುಗಳನ್ನು ಈ ದಾರಿಯಿಂದ ಮುಟ್ಟಿದರೆ ಅನಿರೀಕ್ಷಿತ ಪರಿಣಾಮಗಳಾದಾವೆಂದು ಮುಂದಿನ ಆವೃತ್ತಿಗಳ ಕೈಪಿಡಿಯು ಎಚ್ಚರಿಸಿತು. ಎಚ್ಚರಿಸಿತೇ ಹೊರತು ನಿಷೇಧಿಸಲಿಲ್ಲ. ಬಾಗಿಲ ಕಾವಲು ಕಡತದ ಅನುಮತಿಗೆ ಸೇರಿದ್ದು; ಅನುಮತಿಯುಳ್ಳವನ ವಿವೇಕಕ್ಕೆ ಉಳಿದದ್ದನ್ನು ಬಿಡಲಾಯಿತು.

ಇಷ್ಟರವರೆಗೆ ಹೇಳಿದ್ದು ಯಂತ್ರ ಕುಸಿಯುವ ಭಯದ ಇತಿಹಾಸ. ಆರಂಭದಲ್ಲಿ ಸೂಚಿಸಿದ ಎರಡನೆಯ ಪರಿಣಾಮವನ್ನು ಕಾಣಲು 1981ರ ಆಗಸ್ಟ್ 12ರಂದು ಪ್ರಕಟವಾದ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನ ಕಡೆಗೆ ತಿರುಗಬೇಕು. ಇದರಲ್ಲಿ ಮತ್ತೆ ಒಬ್ಬನೇ ನಿವಾಸಿ. ಆದಕಾರಣ ಮತ್ತೆ ಬೇಲಿಯಿಲ್ಲ. ಇಂಟೆಲ್ 8088 ಪ್ರೊಸೆಸರು 1 ಮೆಗಾಬೈಟಿನಷ್ಟು ವಿಳಾಸಗಳನ್ನು ಬಲ್ಲದು. ಕೆಳಗಿನ 640 ಕಿಲೋಬೈಟು ಪ್ರೋಗ್ರಾಮುಗಳಿಗೆ. ಅದರ ಮೇಲಿನ ಪ್ರದೇಶ ತೆರೆ ಮುಂತಾದ ಉಪಕರಣಗಳಿಗೆ. ಹದಿನಾರರ ಮಾನದಲ್ಲಿ ಬಿ0000 ಎಂಬ ವಿಳಾಸದಿಂದ ಏಕವರ್ಣದ ತೆರೆ, ಬಿ8000ದಿಂದ ಬಣ್ಣದ ತೆರೆ. ಸಾಲಿಗೆ 80ರಂತೆ 25 ಸಾಲುಗಳು, ಒಂದೊಂದು ಅಕ್ಷರಕ್ಕೂ ಎರಡು ಬೈಟು: ಮೊದಲನೆಯದು ಅಕ್ಷರದ ಸಂಕೇತ, ಎರಡನೆಯದು ಅದರ ಬಣ್ಣ. ಒಟ್ಟು 4000 ಬೈಟುಗಳಲ್ಲಿ ಇಡೀ ತೆರೆ ಅಡಗಿತ್ತು.

ತೆರೆಯ ಮೇಲೆ ಬರೆಯಲು ಯಂತ್ರದೊಳಗೆ ಬಯೋಸ್ ಎಂಬ ಸಿದ್ಧ ಪ್ರೋಗ್ರಾಮು ಇದ್ದೇ ಇತ್ತು. ಅದನ್ನು ಕೇಳಿಕೊಂಡರೆ ಅದು ಅಕ್ಷರವನ್ನು ಬರೆಯುತ್ತಿತ್ತು, ಆದರೆ ನಿಧಾನವಾಗಿ. ಸೆಕೆಂಡಿಗೆ 47.7 ಲಕ್ಷ ಮಿಡಿತಗಳ ಆ ಪ್ರೊಸೆಸರಿನ ಮೇಲೆ, ಒಂದೊಂದು ಅಕ್ಷರಕ್ಕೂ ಕೇಳಿಕೊಳ್ಳುವ ಉಪಚಾರವು ದುಬಾರಿಯಾಗಿತ್ತು. 1983ರ ಜನವರಿಯಲ್ಲಿ ಬಂದ ಲೋಟಸ್ 1-2-3 ಈ ಉಪಚಾರವನ್ನು ಬದಿಗಿಟ್ಟಿತು. ಮಿಚ್ ಕೇಪರ್ ಅವರ ಕಂಪನಿಗಾಗಿ ಜೊನಾಥನ್ ಸ್ಯಾಕ್ಸ್ ಬರೆದ ಈ ಲೆಕ್ಕದ ಹಾಳೆಯ ಪ್ರೋಗ್ರಾಮು ತೆರೆಯ ಸ್ಮರಣಕೋಶಕ್ಕೆ ನೇರವಾಗಿ ಬರೆಯುತ್ತಿತ್ತು. ಒಂದು ಅಂಕಿಯನ್ನು ಬದಲಿಸಿದರೆ ಹಾಳೆಯೆಲ್ಲವೂ ಕಣ್ಣೆದುರಿಗೇ ಚುರುಕಾಗಿ ಬದಲಾಗುತ್ತಿತ್ತು. ಜನರು ಮೆಚ್ಚಿದರು, ಕೊಂಡರು. ವೇಗಕ್ಕಾಗಿ ಮಾಡಿದ ಈ ಕೆಲಸವನ್ನು ಅಕ್ರಮವೆನ್ನಲು ಯಾವ ಆಧಾರವೂ ಇಲ್ಲ. ಅದನ್ನು ತಡೆಯುವ ನಿಯಮವೇ ಆ ಯಂತ್ರದಲ್ಲಿರಲಿಲ್ಲ.

ಆದರೆ ಅನಂತರ ನಡೆದದ್ದನ್ನು ನೋಡಬೇಕು. ಎಂ.ಎಸ್. ಡಾಸ್ ವ್ಯವಸ್ಥೆಯನ್ನು ನಡೆಸುವ ಯಂತ್ರಗಳನ್ನು ಬೇರೆ ಕಂಪನಿಗಳೂ ನಿರ್ಮಿಸುತ್ತಿದ್ದವು. ಡಿಜಿಟಲ್ ಕಂಪನಿಯ ರೇನ್‌ಬೋ (1982) ಅವುಗಳಲ್ಲೊಂದು. ವ್ಯವಸ್ಥೆಯು ಒಂದೇ ಆದರೂ ಒಳಗಿನ ಉಪಕರಣಗಳ ಏರ್ಪಾಡು ಬೇರೆಯಾಗಿದ್ದುದರಿಂದ ಐ.ಬಿ.ಎಂ. ಯಂತ್ರಕ್ಕೆಂದು ಬರೆದ ಲೋಟಸ್ ಅಂಥ ಯಂತ್ರಗಳ ಮೇಲೆ ನಡೆಯುತ್ತಿರಲಿಲ್ಲ. ಪ್ರತಿಯೊಂದಕ್ಕೂ ಬೇರೆ ಆವೃತ್ತಿ ಬೇಕಾಗುತ್ತಿತ್ತು. ಕೊಳ್ಳುವವರು ಹೊಸ ಯಂತ್ರವನ್ನು ಪರೀಕ್ಷಿಸುತ್ತಿದ್ದುದೇ ಲೋಟಸನ್ನೂ ಮೈಕ್ರೊಸಾಫ್ಟಿನ ವಿಮಾನಚಾಲನೆಯ ಆಟವನ್ನೂ ನಡೆಸಿ ನೋಡುವುದರಿಂದ. ಎರಡೂ ಉಪಕರಣಗಳನ್ನು ನೇರವಾಗಿ ಮುಟ್ಟುವ ಪ್ರೋಗ್ರಾಮುಗಳೇ. ಹೀಗಿರಲು ಕಾಂಪ್ಯಾಕ್ ಕಂಪನಿಯಂತೆ ಐ.ಬಿ.ಎಂ. ಯಂತ್ರದ ವಿಳಾಸಗಳನ್ನು ಯಥಾವತ್ತಾಗಿ ಅನುಸರಿಸಿದವರು ಬದುಕಿದರು. ಇನ್ನೂ ಉತ್ತಮವಾದ ರಚನೆಯನ್ನು ಯೋಚಿಸಿದವರು ಹಿಂದೆ ಸರಿದರು. ಬಿ8000 ಎಂಬುದು ಒಂದು ಕಾರ್ಡಿನ ರಚನೆಗೆ ಸೇರಿದ ಸಣ್ಣ ತೀರ್ಮಾನವಾಗಿತ್ತು. ಅದು ಈಗ ಆಚಂದ್ರಾರ್ಕ ಶಾಸನದಂತಾಯಿತು. 640 ಕಿಲೋಬೈಟಿನ ಮಿತಿಯದೂ ಇದೇ ಕಥೆ: ಅದರ ಮೇಲಿನ ವಿಳಾಸಗಳಲ್ಲಿ ತೆರೆಯ ಸ್ಮರಣಕೋಶವಿರುವುದನ್ನು ಸಾವಿರಾರು ಪ್ರೋಗ್ರಾಮುಗಳು ಬಲ್ಲವಾದ್ದರಿಂದ ಅದನ್ನು ಅಲ್ಲಿಂದ ಎಬ್ಬಿಸುವಂತಿರಲಿಲ್ಲ. 1985ರ 80386 ಪ್ರೊಸೆಸರಿನಲ್ಲಿ ಇಂಟೆಲ್ ಒಂದು ವಿಶೇಷ ಸ್ಥಿತಿಯನ್ನೇ ಏರ್ಪಡಿಸಿತು. ಅದರಲ್ಲಿ ಹಳೆಯ ಪ್ರೋಗ್ರಾಮು ತಾನು ಬಿ8000ಕ್ಕೇ ಬರೆಯುತ್ತಿರುವೆನೆಂದು ಭಾವಿಸಿದರೂ, ವ್ಯವಸ್ಥೆಯು ಆ ಬರಹವನ್ನು ಬೇರೆಡೆಗೆ ತಿರುಗಿಸಬಹುದಿತ್ತು. ಹಳೆಯ ಹಕ್ಕುದಾರನನ್ನು ಎಬ್ಬಿಸಲಾಗದೆ ಅವನ ಸುತ್ತ ಚಿತ್ರದ ಪರದೆಯನ್ನು ಕಟ್ಟಿದಂತೆ.

ಇದೇ ಕಾಲದಲ್ಲಿ ಇನ್ನೊಂದು ಮಾರ್ಗವೂ ಸಾಧ್ಯವಿತ್ತೆಂಬುದಕ್ಕೆ ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿ.ಬಿ.ಸಿ. ಮೈಕ್ರೋ (1981) ಸಾಕ್ಷಿ. ಭಾರತ ಸರ್ಕಾರವು 1984ರಲ್ಲಿ ಆರಂಭಿಸಿದ 'ಕ್ಲಾಸ್' ಎಂಬ ಶಾಲಾ ಗಣಕಶಿಕ್ಷಣ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂದದ್ದು ಈ ಯಂತ್ರವೇ. ಉಪಕರಣಗಳಿಗೆ ಮೀಸಲಾದ ಮೂರು ಪುಟಗಳಿಗೆ ಫ್ರೆಡ್, ಜಿಮ್, ಶೀಲಾ ಎಂದು ಮನುಷ್ಯರ ಹೆಸರುಗಳನ್ನಿಟ್ಟಿದ್ದ ಈ ಯಂತ್ರದಲ್ಲಿಯೂ ನೇರ ಪ್ರವೇಶಕ್ಕೆ ಅಡ್ಡಿಯಿರಲಿಲ್ಲ. ಆದರೆ 'ಟ್ಯೂಬ್' ಎಂಬ ಸಂಪರ್ಕದ ಮೂಲಕ ಎರಡನೆಯ ಪ್ರೊಸೆಸರನ್ನು ಜೋಡಿಸಬಹುದಾಗಿತ್ತು. ಜೋಡಿಸಿದ ಮೇಲೆ ಬಳಕೆದಾರನ ಪ್ರೋಗ್ರಾಮು ಬೇರೊಂದು ಸ್ಮರಣಕೋಶದಲ್ಲಿ ನಡೆಯುತ್ತಿತ್ತು. ತೆರೆಯ ವಿಳಾಸಕ್ಕೆ ನೇರವಾಗಿ ಬರೆದವನ ಬರಹವು ಅಲ್ಲಿ ಸಾಧಾರಣ ಮನೆಯೊಂದರಲ್ಲಿ ಸದ್ದಿಲ್ಲದೆ ಬಿದ್ದಿರುತ್ತಿತ್ತು, ತೆರೆ ಮಾತ್ರ ಬರಿದು. ವ್ಯವಸ್ಥೆಯನ್ನು ಕೇಳಿಕೊಂಡು ಬರೆದವನ ಪ್ರೋಗ್ರಾಮು ಎರಡೂ ಕಡೆ ನಡೆಯುತ್ತಿತ್ತು. ವೇಗವನ್ನು ಬಿಟ್ಟುಕೊಟ್ಟವರಿಗೆ ದೊರೆತ ಪ್ರತಿಫಲವಿದು.

ಭಾರತೀಯ ಲಿಪಿಗಳ ಮಟ್ಟಿಗೂ ಈ ಪ್ರಕರಣಕ್ಕೆ ಸಂಬಂಧವುಂಟು. ಐ.ಬಿ.ಎಂ. ಮಾದರಿಯ ಯಂತ್ರದಲ್ಲಿ ತೆರೆಯ ಸ್ಮರಣಕೋಶದಲ್ಲಿರುವುದು ಅಕ್ಷರದ ಸಂಕೇತ ಮಾತ್ರ. ಅದರ ಆಕೃತಿಯು ಕಾರ್ಡಿನೊಳಗೆ ಅಚ್ಚೊತ್ತಿದ 256 ಆಕೃತಿಗಳ ಪಟ್ಟಿಯಿಂದ ಬರುತ್ತದೆ. ಒತ್ತಕ್ಷರ, ಗುಣಿತಾಕ್ಷರಗಳುಳ್ಳ ಕನ್ನಡಕ್ಕೆ ಅಲ್ಲಿ ಸ್ಥಳವೆಲ್ಲಿ? ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ, 1988ರಲ್ಲಿ ಸ್ಥಾಪಿತವಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ 'ಜಿಸ್ಟ್' ಕಾರ್ಡು ಇದಕ್ಕೆ ಉತ್ತರವಾಗಿತ್ತು. ಯಂತ್ರದೊಳಗೆ ಈ ಕಾರ್ಡನ್ನು ಸೇರಿಸಿದರೆ ಲೋಟಸ್, ಡಿಬೇಸ್ ಮೊದಲಾದ ಸಿದ್ಧ ಪ್ರೋಗ್ರಾಮುಗಳಲ್ಲಿಯೂ ಭಾರತೀಯ ಲಿಪಿಗಳನ್ನು ಬಳಸಬಹುದಿತ್ತು. ಪ್ರೋಗ್ರಾಮುಗಳೆಲ್ಲವೂ ವ್ಯವಸ್ಥೆಯನ್ನು ಕೇಳಿಕೊಂಡೇ ಬರೆಯುತ್ತಿದ್ದಿದ್ದರೆ ಲಿಪಿಯ ತಿದ್ದುಪಾಟನ್ನು ವ್ಯವಸ್ಥೆಯೊಳಗೆ ಮಾಡುವುದು ಸುಲಭವಾಗುತ್ತಿತ್ತು. ಅವು ಅದನ್ನು ದಾಟಿ ನೇರವಾಗಿ ತೆರೆಗೆ ಬರೆಯುತ್ತಿದ್ದುದರಿಂದ, ಕನ್ನಡವನ್ನು ತರುವವರು ಪ್ರೋಗ್ರಾಮಿಗಿಂತ ಕೆಳಗೆ, ಉಪಕರಣದ ಮಟ್ಟಕ್ಕೇ ಇಳಿಯಬೇಕಾಯಿತು ಎಂದು ಊಹಿಸುವುದು ತಪ್ಪಾಗಲಾರದು.

ಇತ್ತ ಯುನಿಕ್ಸಿನ ಸಂತತಿಯಲ್ಲಿ ಬಾಗಿಲಿನ ಕಥೆ ಮುಂದುವರಿಯಿತು. ಉಪಕರಣದ ಸ್ಮರಣಕೋಶದ ಒಂದು ಭಾಗವನ್ನು ಪ್ರೋಗ್ರಾಮಿನ ಸ್ವಂತ ವಿಳಾಸಗಳ ನಡುವೆ ಕಾಣುವಂತೆ ಮಾಡುವ 'ಎಂಮ್ಯಾಪ್' ಎಂಬ ಸೇವೆಯು 1983ರ 4.2 ಬಿ.ಎಸ್.ಡಿ.ಯಲ್ಲಿ ಕಾಗದದ ಮೇಲಿನ ಯೋಜನೆಯಾಗಿದ್ದು, 1988ರ ಸನ್‌ಓಎಸ್ 4.0ರ ವೇಳೆಗೆ ಪೂರ್ಣರೂಪಕ್ಕೆ ಬಂದಿತು. ಒಮ್ಮೆ ಕೇಳಿ ಅನುಮತಿ ಪಡೆದರೆ ಮುಂದೆ ಒಂದೊಂದು ಅಕ್ಷರಕ್ಕೂ ಕೇಳಬೇಕಾಗಿಲ್ಲ. ವೇಗಕ್ಕೂ ಅಂಕೆಗೂ ಇದ್ದ ಜಗಳವನ್ನು ಇದು ಬಹುಮಟ್ಟಿಗೆ ಬಗೆಹರಿಸಿತು. ಆದರೆ ದುರುಪಯೋಗಕ್ಕೂ ಎಡೆಯಿತ್ತು. 1990ರ ದಶಕದಲ್ಲಿ ಎಕ್ಸ್‌ಫ್ರೀ86 ಎಂಬ ಚಿತ್ರವ್ಯವಸ್ಥೆಯು ಸರ್ವಾಧಿಕಾರದಿಂದ ನಡೆದು, ಹಳೆಯ 'ಮೆಮ್' ಕಡತದ ಮೂಲಕ ಚಿತ್ರದ ಕಾರ್ಡನ್ನು ತಾನೇ ಆಳುತ್ತಿತ್ತು. ಆ ಅಧಿಕಾರವನ್ನು ಬಳಸಿಕೊಂಡು ಓಪನ್ ಬಿ.ಎಸ್.ಡಿ.ಯಂಥ ಕಟ್ಟುನಿಟ್ಟಿನ ವ್ಯವಸ್ಥೆಯ ಕಾವಲನ್ನೂ ಭೇದಿಸಬಹುದೆಂದು ಫ್ರಾನ್ಸಿನ ಲೋಯಿಕ್ ದ್ಯುಫ್ಲೋ 2006ರಲ್ಲಿ ತೋರಿಸಿಕೊಟ್ಟರು. ಲಿನಕ್ಸಿನಲ್ಲಿ 2008ರಿಂದ 'ಮೆಮ್' ಕಡತಕ್ಕೆ ಬಿಗಿಯಾದ ಮಿತಿ ಬಂದಿತು. ಈ ಮಿತಿಯ ರೂಪವು ಇತಿಹಾಸಕಾರನಿಗೆ ಮುಗುಳ್ನಗೆ ತರಿಸುವಂಥದು. ಸ್ಮರಣಕೋಶವನ್ನು ತೋರಿಸಲೆಂದು 1971ರಲ್ಲಿ ಹುಟ್ಟಿದ ಕಡತದಲ್ಲಿ ಈಗ ಸಾಧಾರಣ ಸ್ಮರಣಕೋಶವೇ ನಿಷಿದ್ಧ. ಮುಟ್ಟಿದರೆ ಅಪಾಯವೆಂದು ಅಂದು ಎಚ್ಚರಿಸಿದ್ದ ಉಪಕರಣಗಳ ವಿಳಾಸಗಳು ಮಾತ್ರ ಬಹುಮಟ್ಟಿಗೆ ಉಳಿದುವು. 2016ರಲ್ಲಿ, ಡ್ರೈವರುಗಳ ವಶದಲ್ಲಿರುವ ಉಪಕರಣಗಳನ್ನೂ ಮುಚ್ಚುವ ಏರ್ಪಾಡು ಸೇರಿತು.

ಹಾಗೆಂದು ನೇರ ಪ್ರವೇಶವು ಅಳಿಯಿತೆನ್ನುವಂತಿಲ್ಲ; ಅತ್ಯಂತ ವೇಗವು ಬೇಕಾದಲ್ಲಿ ಅದು ಮರಳಿ ಬಂದಿತು. ಕಾರ್ನೆಲ್ ವಿಶ್ವವಿದ್ಯಾನಿಲಯದ 'ಯು-ನೆಟ್' (1995) ಜಾಲದ ಕಾರ್ಡನ್ನು ಪ್ರೋಗ್ರಾಮಿನ ಕೈಗೇ ಒಪ್ಪಿಸಿ, ಆರಂಭದ ಏರ್ಪಾಡಿಗೆ ಮಾತ್ರ ಕರ್ನೆಲನ್ನು ಉಳಿಸಿಕೊಂಡಿತು. ಇಲ್ಲಿ ಹೊಸದೊಂದು ತೊಡಕು ಕಾಣಿಸುತ್ತದೆ. ಇಂಥ ಉಪಕರಣಗಳು ಪ್ರೊಸೆಸರನ್ನು ಕೇಳದೆ ತಾವೇ ಸ್ಮರಣಕೋಶವನ್ನು ಓದಿ ಬರೆಯಬಲ್ಲವು. ಉಪಕರಣವನ್ನು ಆಳುವವನು ಅದರ ಕೈಯಿಂದ ಪರರ ಸ್ಮರಣಕೋಶವನ್ನೂ ತಿದ್ದಿಸಬಹುದು. ಪ್ರೋಗ್ರಾಮಿಗೆ ಹಾಕಿದ ಬೇಲಿ ಉಪಕರಣವನ್ನು ತಡೆಯದು. ಲಿನಕ್ಸಿನಲ್ಲಿ 2007ರಲ್ಲಿ ಬಂದ 'ಯು.ಐ.ಓ.' ಏರ್ಪಾಡು ರಿಜಿಸ್ಟರುಗಳನ್ನು ಬಳಕೆದಾರನಿಗೆ ಒಪ್ಪಿಸಿತಾದರೂ ಈ ತೊಡಕನ್ನು ಬಿಡಿಸಲಿಲ್ಲ. ಉಪಕರಣದ ಪ್ರತಿಯೊಂದು ಓದು-ಬರಹವನ್ನೂ ತಪಾಸಣೆ ಮಾಡುವ ಯಂತ್ರಾಂಗವನ್ನು ಆಧರಿಸಿದ 'ವಿ.ಎಫ್.ಐ.ಓ.' 2012ರಲ್ಲಿ ಬಂದ ಮೇಲೆ ಅದು ಸಾಧ್ಯವಾಯಿತು. ಪ್ರತಿಬಂಧಕ ಅಂಕವನ್ನು ಅಟ್ಲಾಸಿನಲ್ಲಿ ಪ್ರೋಗ್ರಾಮಿಗೆ ಕಟ್ಟಿದ್ದರು. 50 ವರ್ಷಗಳ ತರುವಾಯ ಅದನ್ನು ಉಪಕರಣಕ್ಕೂ ಕಟ್ಟಬೇಕಾಯಿತು.

ಇಂದಿನ ವಿದ್ಯಾರ್ಥಿಗಳು ಈ ಇತಿಹಾಸವನ್ನು ಕೈಯಾರೆ ಮುಟ್ಟಿನೋಡಬಹುದಾದದ್ದು 2012ರಲ್ಲಿ ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಯಂತ್ರದಲ್ಲಿ. ಅದರ ಅಂಚಿನ ಪಿನ್ನುಗಳಿಗೆ ಒಂದು ದೀಪವನ್ನು ಸಿಕ್ಕಿಸಿ, 'ಮೆಮ್' ಕಡತವನ್ನು ತೆರೆದು, ಹದಿನಾರರ ಮಾನದ 20200000 ಎಂಬ ವಿಳಾಸದಿಂದ ಆರಂಭವಾಗುವ ರಿಜಿಸ್ಟರುಗಳಿಗೆ ಬರೆದು ದೀಪವನ್ನು ಬೆಳಗಿಸುವ ಪಾಠವು ಅನೇಕ ಪ್ರಯೋಗಾಲಯಗಳಲ್ಲಿ ನಡೆದಿದೆ. ಇದಕ್ಕೆ ಸರ್ವಾಧಿಕಾರ ಬೇಕಾಗಿತ್ತು. ದೀಪವೊಂದನ್ನು ಹಚ್ಚುವುದಕ್ಕೆ ಇಡೀ ಯಂತ್ರದ ಕೀಲಿಕೈ ಕೊಡುವುದು ಅತಿಯಾಯಿತೆಂದು ತರುವಾಯ 'ಜಿಪಿಐಓಮೆಮ್' ಎಂಬ ಪ್ರತ್ಯೇಕ ಕಡತವನ್ನು ಏರ್ಪಡಿಸಿದರು. ಅದರಲ್ಲಿ ಕಾಣುವುದು ಪಿನ್ನುಗಳ ರಿಜಿಸ್ಟರುಗಳು ಮಾತ್ರ, ಸರ್ವಾಧಿಕಾರವೂ ಬೇಡ. ಆದರೆ 2015ರ ಎರಡನೆಯ ಮಾದರಿಯಲ್ಲಿ ಉಪಕರಣಗಳ ನೆಲೆಯು 20000000ದಿಂದ 3ಎಫ್000000ಕ್ಕೆ ಸರಿಯಿತು. ವಿಳಾಸವನ್ನು ಅಂಕಿಯಾಗಿಯೇ ಬರೆದಿಟ್ಟಿದ್ದ ಪ್ರೋಗ್ರಾಮುಗಳು ನಿಂತುವು. 2019ರ ನಾಲ್ಕನೆಯ ಮಾದರಿಯಲ್ಲಿ ಅದು ಮತ್ತೆ ಸರಿಯಿತು. 2023ರ ಐದನೆಯ ಮಾದರಿಯಲ್ಲಿ ಪಿನ್ನುಗಳೇ 'ಆರ್‌ಪಿ1' ಎಂಬ ಬೇರೊಂದು ಚಿಪ್ಪಿನ ವಶಕ್ಕೆ ಹೋಗಿ, ರಿಜಿಸ್ಟರುಗಳ ಕ್ರಮವೂ ಬದಲಾಯಿತು. ನೇರವಾಗಿ ಬರೆಯುತ್ತಿದ್ದ ಜನಪ್ರಿಯ ಗ್ರಂಥಾಲಯಗಳನ್ನು ಕೈಬಿಟ್ಟು, ಕರ್ನೆಲನ್ನು ಕೇಳಿಕೊಳ್ಳುವ ಗ್ರಂಥಾಲಯಗಳಿಗೆ ಬಳಕೆದಾರರು ಹೋಗಬೇಕಾಯಿತು. ಲೋಟಸಿನ ಕಾಲದಲ್ಲಿ ಪ್ರೋಗ್ರಾಮು ಯಂತ್ರವನ್ನು ಕಟ್ಟಿಹಾಕಿತ್ತು. ಇಲ್ಲಿ ಯಂತ್ರವು ತನ್ನ ದಾರಿಯನ್ನು ಹಿಡಿಯಿತು, ಪ್ರೋಗ್ರಾಮುಗಳನ್ನು ತಿದ್ದುವ ಕೆಲಸ ಅವುಗಳನ್ನು ಬರೆದವರ ಪಾಲಿಗೆ ಬಂತು.